ಮುರಿದ ವ್ರತದ ಜೀರ್ಣೋದ್ಧಾರ

ವ್ರತವನ್ನು ಸ್ವೀಕರಿಸುವಾಗ ಉತ್ಸಾಹವಿಲ್ಲದವರಿಲ್ಲ. ಶ್ರೀಜಿನಬಿಂಬದ ಎದುರಿನಲ್ಲಿ ಕೈಮುಗಿದು ನಿಯಮ ಹಿಡಿಯುವ ಗಳಿಗೆಯಲ್ಲಿ ಮನುಷ್ಯನಿಗೆ ತನ್ನ ಶಕ್ತಿಯ ಬಗೆಗೆ ಸಂಶಯವೇ ಹುಟ್ಟುವುದಿಲ್ಲ. ಪರೀಕ್ಷೆ ಬರುವುದು ಅನಂತರ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಏಕಾಶನ ಹಿಡಿದ ಒಕ್ಕಲಿಗನಿಗೆ ಹೆಸರಿನ ಸುಗ್ಗಿ ಎದುರಾಗುತ್ತದೆ. ರಾತ್ರಿಭೋಜನವನ್ನು ತ್ಯಜಿಸಿದವನು ಎರೆಹೊಲದಿಂದ ಮನೆಗೆ ಮರಳುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಒಂದು ದಿನ ನಿಯಮ ತಪ್ಪುತ್ತದೆ. ಆಗ ‘ಇನ್ನು ಇದು ನನ್ನಿಂದಾಗದು’ ಎಂದು ಇಡೀ ವ್ರತವನ್ನೇ ಕೈಬಿಡುವವರು ಅನೇಕರು. ಹೀಗೆ ಕೈಬಿಡುವುದು ಪ್ರಾಮಾಣಿಕತೆಯೋ, ದೌರ್ಬಲ್ಯವೋ? ದೃಢನಿಶ್ಚಯವೆಂದರೆ ಎಂದೂ ಬೀಳದಿರುವುದೋ, ಬಿದ್ದ ಮೇಲೆ ಏಳುವುದೋ?

ಈ ಪ್ರಶ್ನೆಗೆ ನಮ್ಮ ಬೆಳ್ವೊಲ ನಾಡಿನ ಮಣ್ಣಿನಲ್ಲಿಯೇ ಉತ್ತರವುಂಟು. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆಯ ಮನೆತನದ ಊರಾದ ಅಣ್ಣಿಗೇರಿಯು ಅಂದು ಬೆಳ್ವೊಲ ಮುನ್ನೂರರ ರಾಜಧಾನಿ. ಹತ್ತನೆಯ ಶತಮಾನದಲ್ಲಿ ಗಂಗ ಪೆರ್ಮಾಡಿ ಬೂತುಗನು ಅಲ್ಲಿ ಒಂದು ಜಿನಾಲಯವನ್ನು ಕಟ್ಟಿಸಿದನು. ಮುಂದಿನ ಶತಮಾನದಲ್ಲಿ ಚೋಳರ ದಂಡು ಬೆಳ್ವೊಲವನ್ನು ಹೊಕ್ಕು ಬಸದಿಗಳನ್ನು ಸುಟ್ಟಿತು. ನಿತ್ಯಪೂಜೆ, ಮುನಿಗಳ ಆಹಾರದಾನ ಎಲ್ಲವೂ ಕೆಟ್ಟವು. ಕ್ರಿ. ಶ. ೧೦೭೧-೭೨ರಲ್ಲಿ, ಚಾಲುಕ್ಯ ಎರಡನೆಯ ಸೋಮೇಶ್ವರನ ಕಾಲದಲ್ಲಿ, ಈ ನಾಡನ್ನಾಳುತ್ತಿದ್ದ ಮಹಾಮಂಡಲೇಶ್ವರ ಲಕ್ಷ್ಮರಸನು ಆ ಬಸದಿಯನ್ನು ಮತ್ತೆ ಉದ್ಧರಿಸಿದನು. ಗಾವರವಾಡ ಮತ್ತು ಅಣ್ಣಿಗೇರಿಯ ಶಾಸನಗಳು ಈ ಸಂಗತಿಯನ್ನು ಇಂದಿಗೂ ಸಾರುತ್ತಿವೆ.

ಆ ಬರಹದ ಕ್ರಮವನ್ನು ಗಮನಿಸಬೇಕು. ಅದು ಮೊದಲು ಕಟ್ಟಿಸಿದವನನ್ನು ಸ್ಮರಿಸುತ್ತದೆ. ಬಳಿಕ ಒದಗಿದ ಹಾನಿಯನ್ನು ಮುಚ್ಚಿಡದೆ ಹೇಳುತ್ತದೆ. ಕೊನೆಗೆ ಪುನರುದ್ಧಾರವನ್ನು ದಾಖಲಿಸುತ್ತದೆ. ಮುರಿದ ವ್ರತಕ್ಕೂ ಇದೇ ದಾರಿ. ತತ್ತ್ವಾರ್ಥಸೂತ್ರವು ಹೇಳುವ ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನೆ, ಎಂದರೆ ದೋಷವನ್ನು ಗುರುವಿನ ಮುಂದೆ ಒಪ್ಪಿಕೊಳ್ಳುವುದು. ಕೊನೆಯದು ಉಪಸ್ಥಾಪನೆ, ಎಂದರೆ ವ್ರತದಲ್ಲಿ ಮತ್ತೆ ನೆಲೆಗೊಳ್ಳುವುದು. ಮಹಾವ್ರತಿಗಳಾದ ಮುನಿಗಳಿಗೂ ಆಚಾರ್ಯರು ಈ ಬಾಗಿಲನ್ನು ತೆರೆದಿಟ್ಟಿರುವಾಗ, ಅಣುವ್ರತಿಗಳಾದ ಗೃಹಸ್ಥರು ಅದನ್ನು ತಾವೇ ಏಕೆ ಮುಚ್ಚಿಕೊಳ್ಳಬೇಕು?

ಇಲ್ಲಿ ಒಂದು ಆಕ್ಷೇಪ ಏಳಬಹುದು. ಪ್ರಾಯಶ್ಚಿತ್ತ ಹೇಗೂ ಇದೆಯಲ್ಲ ಎಂಬ ಧೈರ್ಯದಿಂದ ಜನರು ನಿಯಮವನ್ನು ಸಡಿಲಿಸಲಾರರೇ? ಸಡಿಲಿಸುವವರೂ ಉಂಟು. ಆದರೆ ಅಂಥವರ ದೋಷ ಬಿದ್ದುದರಲ್ಲಿಲ್ಲ, ಬೀಳಲೆಂದೇ ಹೊರಟುದರಲ್ಲಿದೆ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಲ್ಲಿ ಇದು ಮೊದಲನೆಯದು. ಕಾಲಿಗೆ ನೆಟ್ಟ ಮುಳ್ಳನ್ನು ಕೀಳದೆ ಹಾದಿ ನಡೆಯಲಾಗದಂತೆ, ಈ ಶಲ್ಯಗಳನ್ನು ಕೀಳದೆ ವ್ರತ ನಡೆಯುವುದಿಲ್ಲ. ನೆರೆಹೊರೆಯವರು ಮೆಚ್ಚಲೆಂದು ಹಿಡಿದ ಉಪವಾಸವು ನೋಡುವ ಕಣ್ಣುಗಳಿರುವವರೆಗೆ ಮಾತ್ರ ನಿಲ್ಲುತ್ತದೆ.

ಹಾಗಾದರೆ ಆತ್ಮವಿಶ್ವಾಸವೆಂದರೇನು? ‘ನಾನು ಮಾಡಬಲ್ಲೆ’ ಎನ್ನುವಾಗ ಆ ‘ನಾನು’ ಯಾರು? ದೇಹವನ್ನೂ ಹೆಸರನ್ನೂ ನಾನೆಂದು ತಿಳಿದವನಲ್ಲಿ ಈ ಮಾತು ಮಾನಕಷಾಯವಾಗುತ್ತದೆ. ಅಂಥವನು ಒಮ್ಮೆ ಎಡವಿದರೂ ಅವಮಾನದಿಂದ ಕುಗ್ಗಿಹೋಗುತ್ತಾನೆ. ಆತ್ಮನನ್ನು ನಂಬಿದವನ ರೀತಿ ಬೇರೆ. ಕರ್ಮದ ಉದಯದಿಂದ ಇಂದು ಎಡವಿದ್ದರೂ ಆತ್ಮನ ಸ್ವಭಾವ ಕೆಟ್ಟಿಲ್ಲವೆಂದು ಅವನು ಬಲ್ಲನು. ಆದುದರಿಂದ ಅವನಲ್ಲಿ ಪಶ್ಚಾತ್ತಾಪವಿರುತ್ತದೆ, ಹತಾಶೆ ಇರುವುದಿಲ್ಲ.

ಈ ವಿವೇಕವೇ ಶಕ್ತಿಯ ಅಳತೆಯನ್ನೂ ಕಲಿಸುತ್ತದೆ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಶಕ್ತಿಗೆ ತಕ್ಕಂತೆ ಮಾಡಬೇಕೆಂದೇ ಹೇಳಿದೆ. ಶಕ್ತಿಯನ್ನು ಬಚ್ಚಿಡಬಾರದು, ಮೀರಲೂಬಾರದು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವ ಹಿರಿಯರು ವೈದ್ಯರನ್ನು ಕೇಳದೆ ನಿರಾಹಾರವಿದ್ದರೆ ಜೀವಕ್ಕೇ ಅಪಾಯ, ಮನೆಯವರೆಲ್ಲರಿಗೂ ಸಂಕಟ. ಬಾಹ್ಯತಪಸ್ಸು ಆರು ಬಗೆಯದು. ಅನಶನ ಅವುಗಳಲ್ಲಿ ಒಂದು ಮಾತ್ರ. ಹಸಿವಿಗಿಂತ ಕಡಮೆ ಉಣ್ಣುವ ಅವಮೌದರ್ಯವೂ, ಇಷ್ಟವಾದ ರಸವನ್ನು ಬಿಡುವ ರಸಪರಿತ್ಯಾಗವೂ ತಪಸ್ಸೇ. ತಮ್ಮ ದೇಹಕ್ಕೆ ಒಪ್ಪುವುದನ್ನು ಆರಿಸಿಕೊಂಡವರನ್ನು ಅಶಕ್ತರೆಂದು ಯಾರೂ ಹಳಿಯಬಾರದು.

ಅಣ್ಣಿಗೇರಿಗೆ ದೂರವಲ್ಲದ ಲಕ್ಕುಂಡಿಯ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಇಲ್ಲಿ ನೆನೆಯುವುದು ಉಚಿತ. ಪತಿ ನಾಗದೇವನು ಯುದ್ಧದಲ್ಲಿ ಮಡಿದಾಗ, ಅವನಿಗೇ ಮದುವೆಯಾಗಿದ್ದ ತಂಗಿ ಗುಂಡಮಬ್ಬೆಯು ಚಿತೆಯನ್ನೇರಿದಳು. ಅತ್ತಿಮಬ್ಬೆಯು ಬದುಕನ್ನು ಆರಿಸಿಕೊಂಡಳು; ಮಗನನ್ನು ಬೆಳೆಸಿದಳು; ವ್ರತೋಪವಾಸಗಳಿಂದ ದೇಹವನ್ನೂ ದಾನದಿಂದ ಸಂಪತ್ತನ್ನೂ ಸವೆಸಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ೯೯೩ರಲ್ಲಿ ರನ್ನನು ರಚಿಸಿದ ಅಜಿತಪುರಾಣಕ್ಕೆ ಆಶ್ರಯವಿತ್ತಳು. ಒಂದು ಗಳಿಗೆಯ ಸಾಹಸಕ್ಕಿಂತ ದಿನದಿನವೂ ಹೊಸದಾಗಿ ಹಿಡಿಯಬೇಕಾದ ನಿಶ್ಚಯವು ಕಠಿಣವಾದುದು. ಅವಳದು ಅಂಥ ನಿಶ್ಚಯ.

ಆದುದರಿಂದ, ನಿಯಮ ತಪ್ಪಿದ ಶ್ರಾವಕ-ಶ್ರಾವಿಕೆಯರು ಮರುದಿನ ಮುಂಜಾನೆ ಬಸದಿಯ ಮೆಟ್ಟಿಲನ್ನು ಹತ್ತಲು ನಾಚಬೇಕಾಗಿಲ್ಲ. ಮನೆಯ ಹಿರಿಯರೂ ‘ನಿನ್ನ ವ್ರತ ಕೆಟ್ಟಿತು’ ಎಂದು ಕಿರಿಯರನ್ನು ಮೂದಲಿಸದೆ, ‘ಏಳು, ಮತ್ತೆ ಹಿಡಿ’ ಎಂದು ಕೈಗೊಡಬೇಕು. ಸುಟ್ಟ ಬಸದಿಯ ಪಾಳಿನ ಮುಂದೆ ನಿಂತು ನಮ್ಮ ಪೂರ್ವಿಕರು ಧರ್ಮವೇ ಸುಟ್ಟುಹೋಯಿತೆಂದು ತಿಳಿಯಲಿಲ್ಲ. ಅವರು ತಳಪಾಯವನ್ನು ಹುಡುಕಿದರು. ನಮ್ಮ ವ್ರತಗಳ ತಳಪಾಯ ಸಮ್ಯಗ್ದರ್ಶನ. ಅದು ಗಟ್ಟಿಯಾಗಿರುವವರೆಗೆ ಕಟ್ಟಡವನ್ನು ಎಷ್ಟು ಬಾರಿಯಾದರೂ ಎತ್ತಬಹುದು.