ಸ್ವಿಚ್ ಯಾರ ಕೈಯಲ್ಲಿದೆ?



ಬಂಧುಗಳೇ, ಇಂದಿನ ಚಿಂತನೆಗೆ ತೀರ ಸಣ್ಣ ವಿಷಯ. ಕಾರವಾರ, ಅಂಕೋಲೆಯ ಮಳೆಗಾಲ ನಮಗೆಲ್ಲ ಗೊತ್ತು. ಗಾಳಿ ಬಂತು, ಮರ ಬಿತ್ತು, ತಂತಿ ಹರಿಯಿತು, ಕರೆಂಟು ಹೋಯಿತು. ಮತ್ತೆ ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ. ಫೋನಿನಲ್ಲಿ 20 ಪರ್ಸೆಂಟ್ ಚಾರ್ಜು ಉಳಿದಿದೆ. ಆಗ ಕೈ ತಾನಾಗಿಯೇ ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆಯುತ್ತದೆ. ವೈಫೈ ಆಫ್, ಬ್ಲೂಟೂತ್ ಆಫ್, ಡೇಟಾ ಆಫ್. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಏರೋಪ್ಲೇನ್ ಮೋಡ್ ಹಾಕಿ ಮಲಗಿಬಿಡುತ್ತಾರೆ.

ಇದರಲ್ಲಿ ಧಮ್ಮದ ಪ್ರಶ್ನೆ ಏನು ಬಂತು ಎಂದು ಕೇಳಬಹುದು. ಫೋನನ್ನು ಜಗತ್ತಿನಿಂದ ಕಡಿದು ನಾನು ಉಳಿಸಿಕೊಂಡ ಚಾರ್ಜು ಯಾತಕ್ಕಾಗಿ? ಹಾಗೆ ಕಡಿದುಕೊಂಡಿರುವಾಗ ನನ್ನನ್ನು ಕರೆದವರಿಗೆ ನಾನು ಏನನ್ನಾದರೂ ಬಾಕಿ ಇಟ್ಟುಕೊಂಡಂತೆ ಆಗುತ್ತದೆಯೇ? ಇಲ್ಲವೇ, ಸಿಗದೆ ಇರುವುದು ನನ್ನ ಹಕ್ಕೇ? ಈ ಮೂರು ಪ್ರಶ್ನೆಗಳನ್ನು ಇಂದು ನೋಡೋಣ.

ಮೊದಲು ವಿಷಯ ಇದ್ದಂತೆ ತಿಳಿಯೋಣ. ಗೊತ್ತಿಲ್ಲದೆ ಮಾಡಿದ ತ್ಯಾಗದಿಂದ ಯಾರಿಗೂ ಲಾಭವಿಲ್ಲ. ವೈಫೈ ಮತ್ತು ಬ್ಲೂಟೂತ್ ಸುಮ್ಮನೆ ಆನ್ ಇದ್ದರೆ ಈಗಿನ ಫೋನುಗಳಲ್ಲಿ ತಿನ್ನುವ ಬ್ಯಾಟರಿ ಸ್ವಲ್ಪವೇ. ಹೆಚ್ಚು ತಿನ್ನುವುದು ಎರಡು. ಒಂದು, ಬೆಳಗುವ ಪರದೆ. ಇನ್ನೊಂದು, ದುರ್ಬಲ ಸಿಗ್ನಲ್. ಟವರ್ ಹತ್ತಿರವಿದ್ದರೆ ಫೋನು ಪಿಸುಮಾತಿನಲ್ಲಿ ಮಾತಾಡುತ್ತದೆ. ಟವರ್ ದೂರವಾದರೆ, ನಡುವೆ ಗುಡ್ಡ ಬಂದರೆ, ಕೂಗಬೇಕಾಗುತ್ತದೆ. 4ಜಿ ಫೋನು ಗಟ್ಟಿಯಾಗಿ ಕೂಗಿದಾಗ ಹೊರಸೂಸುವ ಶಕ್ತಿ ಸುಮಾರು 0.2 ವ್ಯಾಟ್. ಟವರಿನ ಬುಡದಲ್ಲಿ ಅದರ ಚೂರುಪಾಲೂ ಬೇಕಾಗುವುದಿಲ್ಲ. ಘಟ್ಟದ ಬುಡದ ಹಿಲ್ಲೂರು, ಅಚವೆಯಂಥ ಕಡೆ ಗುಡ್ಡದ ಮರೆಯಲ್ಲಿ ಕುಳಿತವರ ಫೋನು ಪೇಟೆಯಲ್ಲಿರುವವರ ಫೋನಿಗಿಂತ ಬೇಗ ಬಿಸಿಯಾಗಿ ಬೇಗ ಖಾಲಿಯಾದರೆ ಅದರಲ್ಲಿ ಆಶ್ಚರ್ಯವಿಲ್ಲ. ಕರೆಂಟು ಹೋದಾಗ ಟವರುಗಳೂ ಬ್ಯಾಟರಿ, ಡೀಸೆಲ್ ಮೇಲೆಯೇ ನಡೆಯುತ್ತವೆ. ಹತ್ತಿರದ ಟವರ್ ಸತ್ತರೆ ಫೋನು ದೂರದ್ದನ್ನು ಹುಡುಕತೊಡಗುತ್ತದೆ. ಸಿಗ್ನಲ್ಲೇ ಇಲ್ಲದ ಕಡೆ ಆ ಹುಡುಕಾಟ ನಿಲ್ಲುವುದೇ ಇಲ್ಲ.

ಇನ್ನೊಂದು ಮಾತು. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ವೈಫೈ ಆಫ್ ಮಾಡಿದರೂ ಸ್ಥಳ ತಿಳಿಯಲೆಂದು ಒಳಗಿನಿಂದ ಹುಡುಕಾಟ ನಡೆದೇ ಇರುತ್ತದೆ. ಅದನ್ನು ಲೊಕೇಶನ್ ಸೆಟ್ಟಿಂಗಿನಲ್ಲಿ ಬೇರೆಯಾಗಿ ನಿಲ್ಲಿಸಬೇಕು. ಹೊರಗೆ ಆಫ್ ಎಂದು ತೋರಿಸುತ್ತ ಒಳಗೆ ಅರಸುತ್ತಲೇ ಇರುವುದು ಫೋನೊಂದೇ ಅಲ್ಲ, ನಮ್ಮ ಮನಸ್ಸೂ ಹಾಗೆಯೇ. ಇರುವುದನ್ನು ಬಳಸಲು ಆಗುವ ಖರ್ಚಿಗಿಂತ ಇಲ್ಲದ್ದನ್ನು ಹುಡುಕುತ್ತ ಆಗುವ ಖರ್ಚು ದೊಡ್ಡದು. ಭಗವಾನ್ ಬುದ್ಧರು ತೃಷ್ಣೆ ಎಂದದ್ದನ್ನು ಅರ್ಥ ಮಾಡಿಕೊಳ್ಳಲು ಇದು ಸುಲಭದ ಉದಾಹರಣೆ.

ಆದರೆ ಇಲ್ಲಿಗೇ ನಿಲ್ಲಿಸಿದರೆ ಚಿಂತನೆ ಅರ್ಧವಾಗುತ್ತದೆ. ಎಲ್ಲ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ ಎಂದಂತೆ ಆಗುತ್ತದೆ. ಬಾಬಾಸಾಹೇಬರು ನಮಗೆ ಕೊಟ್ಟ ಧಮ್ಮ ಆ ಬಗೆಯದಲ್ಲ. ಮನುಷ್ಯನಿಗೂ ಮನುಷ್ಯನಿಗೂ ನಡುವೆ ಇರಬೇಕಾದ ನಡತೆಯೇ ಅವರಿಗೆ ಧಮ್ಮ. ಒಬ್ಬನೇ ಇರುವವನಿಗೆ ಅದರ ಅಗತ್ಯವಿಲ್ಲ, ಇಬ್ಬರು ಸೇರಿದರೆ ಅದು ಬೇಕೇ ಬೇಕು ಎಂದು ಅವರು ತಿಳಿಸಿದರು. ಆದ್ದರಿಂದ ನಮ್ಮ ಸ್ವಿಚ್ಚಿನ ಪ್ರಶ್ನೆಯಲ್ಲಿಯೂ ಎರಡನೆಯ ವ್ಯಕ್ತಿ ಇದ್ದೇ ಇದ್ದಾನೆ.

2024ರ ಜುಲೈ 16ರ ಬೆಳಿಗ್ಗೆ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು, ಮಣ್ಣು ಗಂಗಾವಳಿಗೆ ಇಳಿಯಿತು, ಆಚೆ ದಡದ ಉಳುವರೆಯ ಮನೆಗಳಿಗೂ ಹಾನಿಯಾಯಿತು. ಕಾಣೆಯಾದವರಲ್ಲಿ ಕೇರಳದ ಒಬ್ಬ ಲಾರಿ ಚಾಲಕರಿದ್ದರು. ಘಟನೆಯ ನಂತರವೂ ಅವರ ಫೋನು ರಿಂಗ್ ಆಯಿತೆಂದು ಮನೆಯವರು ಹೇಳಿದ್ದು ಆಗಿನ ಪತ್ರಿಕೆಗಳಲ್ಲಿ ಬಂದಿತ್ತು. ಆ ಒಂದು ರಿಂಗಿನ ಮೇಲೆ ಒಂದು ಮನೆ ಎಷ್ಟು ಆಸೆ ಇಟ್ಟಿರಬಹುದು ಎಂದು ಯೋಚಿಸಿ. ಸೆಪ್ಟೆಂಬರ್ 25ರಂದು ನದಿಯಿಂದ ಲಾರಿಯನ್ನು ಮೇಲೆತ್ತಿದಾಗ ಅದರೊಳಗೆ ಅವರ ದೇಹ ಸಿಕ್ಕಿತು. ಆ ನಡುವೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಒಂದು ಲಾರಿ ನೀರಿಗೆ ಬಿತ್ತು. ಪೊಲೀಸರೂ ಮೀನುಗಾರರೂ ಸೇರಿ ಆ ಚಾಲಕರನ್ನು ಜೀವಂತ ಉಳಿಸಿದರು. ಅಂಥ ಹೊತ್ತಿನಲ್ಲಿ ಕರೆದರೆ ಎದ್ದು ಬರುವವರು ಬೇಕು. ಬರುವವರನ್ನು ಎಬ್ಬಿಸುವ ದಾರಿಯೂ ಬೇಕು.

ಹಾಗಾದರೆ ಸದಾ ಆನ್ ಇರಬೇಕೇ? ಇಲ್ಲಿ ನಮ್ಮ ಜನರ ಇತಿಹಾಸ ಒಂದು ಪಾಠ ಹೇಳುತ್ತದೆ, ಅದೂ ಎರಡು ಕಡೆಯಿಂದ.

ಮೊದಲನೆಯ ಕಡೆ. ಬಾಬಾಸಾಹೇಬರು 1920ರಲ್ಲಿ ಶುರುಮಾಡಿದ ಪತ್ರಿಕೆಯ ಹೆಸರು ಮೂಕನಾಯಕ. 1927ರಲ್ಲಿ ಶುರುಮಾಡಿದ್ದು ಬಹಿಷ್ಕೃತ ಭಾರತ. ಎರಡೂ ಹೆಸರು ಸಂಪರ್ಕವಿಲ್ಲದವರ ಹೆಸರು. ಒಬ್ಬನಿಗೆ ದನಿ ಇಲ್ಲ, ಇನ್ನೊಬ್ಬನನ್ನು ಊರು ಹೊರಗಿಟ್ಟಿದೆ. ಬಹಿಷ್ಕಾರವೆಂದರೆ ಅಂಗಡಿಯಲ್ಲಿ ಸಾಮಾನು ಕೊಡದಿರುವುದು, ಕೆಲಸಕ್ಕೆ ಕರೆಯದಿರುವುದು, ಮಾತು ಬಿಡುವುದು. ಒಂದು ಜನವನ್ನು ಆಫ್ ಮಾಡಿ ಇಡುವುದು. ಪರಿಶಿಷ್ಟರ ಮೇಲೆ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಹಾಕುವುದನ್ನು ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿ ಸ್ಪಷ್ಟವಾಗಿ ಅಪರಾಧವೆಂದು ಹೆಸರಿಸಿತು. ಆದ್ದರಿಂದ ಸಂಪರ್ಕ ನಮಗೆ ಬರೀ ಮನರಂಜನೆಯಲ್ಲ. ಒಂದು ಊರಿನಲ್ಲಿ ಏನಾದರೂ ನಡೆದಾಗ ಇನ್ನೊಂದು ಊರಿಗೆ ತಿಳಿಯುವುದು, ಸಾಕ್ಷಿ ನಿಲ್ಲುವವರು ಬರುವುದು ಈ ಕೈಯಲ್ಲಿರುವ ಸಾಧನದಿಂದ. ನೆಟ್‌ವರ್ಕ್ ಬಿಟ್ಟು ನೆಮ್ಮದಿಯಾಗಿರಿ ಎಂಬ ಉಪದೇಶವನ್ನು ಎಂದೂ ಹೊರಗಿಡಲ್ಪಡದವರು ಸುಲಭವಾಗಿ ಮಾಡಬಹುದು.

ಎರಡನೆಯ ಕಡೆ. ಮಹಾರ್ ವತನದ ಬಗ್ಗೆ ಹಿರಿಯರಿಗೆ ಗೊತ್ತಿದೆ. ಆಗಿನ ಮುಂಬಯಿ ಪ್ರಾಂತ್ಯದಲ್ಲಿ ಸರ್ಕಾರಿ ಕೆಲಸವೆಂದು ವತನದಾರ ಮಹಾರರನ್ನು ಹಗಲು ರಾತ್ರಿ ಯಾವ ಹೊತ್ತಿಗಾದರೂ ಕರೆಯಬಹುದಿತ್ತು. ಅವರು ಸಿಗದಿದ್ದರೆ ಮನೆಯ ಇನ್ನೊಬ್ಬರು ಹೋಗಬೇಕಿತ್ತು. ಇದನ್ನು ಬದಲಿಸಲು ಬಾಬಾಸಾಹೇಬರು 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಮಸೂದೆ ತಂದರು. ಅವರು ತಿದ್ದಲು ಹೊರಟದ್ದು 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಯನ್ನು. ನಮ್ಮ ಉತ್ತರ ಕನ್ನಡವೂ 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದಲ್ಲೇ ಇತ್ತು, ಹಾಗಾಗಿ ಇದು ನಮಗೆ ದೂರದ ಕಥೆಯಲ್ಲ.

ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಅದೇ ಮನುಷ್ಯನನ್ನು ಊರು ತನ್ನ ಬಾವಿಯಿಂದ, ಮಾತಿನಿಂದ ಕಡಿದು ಹೊರಗಿಟ್ಟಿತ್ತು. ಅದೇ ಮನುಷ್ಯ ಊರು ಕರೆದ ಕ್ಷಣ ಓಡಿ ಬರಬೇಕಿತ್ತು. ಅವನು ಕರೆದರೆ ಯಾರೂ ಬರುವುದಿಲ್ಲ, ಅವನನ್ನು ಕರೆದರೆ ಬಾರದಿರುವಂತಿಲ್ಲ. ಕಡಿದುಕೊಂಡಿರುವುದು ಗುಲಾಮಗಿರಿಯೇ, ಸದಾ ಕರೆಗೆ ಸಿದ್ಧವಾಗಿರುವುದು ಗುಲಾಮಗಿರಿಯೇ ಎಂದು ಕೇಳಿದರೆ ಉತ್ತರ ಎರಡರಲ್ಲಿಯೂ ಇಲ್ಲ. ಸ್ವಿಚ್ ಅವನ ಕೈಯಲ್ಲಿ ಇರಲಿಲ್ಲ. ಗುಲಾಮಗಿರಿ ಅಲ್ಲಿತ್ತು.

ಇಂದು ಆ ಸ್ವಿಚ್ ನಮ್ಮ ಕೈಗೆ ಬಂದಿದೆ. ರಾತ್ರಿ 11 ಗಂಟೆಗೆ ಕೆಲಸದ ಗ್ರೂಪಿನಲ್ಲಿ ಮೇಲಿನವರ ಮೆಸೇಜು ಬಂದರೆ, ದಿನವಿಡೀ ದುಡಿದು ಬಂದ ನಮ್ಮ ತಾಯಿ ಅಥವಾ ತಮ್ಮ ಡೇಟಾ ಆಫ್ ಮಾಡಿ ಮಲಗಿದರೆ ಅದು ಸೋಮಾರಿತನವಲ್ಲ. ಆ ನಿದ್ದೆ ಅವರ ಹಕ್ಕು. ಅದನ್ನು ತಪ್ಪೆಂದು ಎಣಿಸುವವರು ಹಳೆಯ ವತನವನ್ನು ಹೊಸ ಯಂತ್ರದಲ್ಲಿ ನಡೆಸಲು ನೋಡುತ್ತಿದ್ದಾರೆ. ಆದರೆ ಅದೇ ರಾತ್ರಿ ಪಕ್ಕದ ಕೇರಿಯಲ್ಲಿ ನೀರು ನುಗ್ಗಿ ಒಬ್ಬ ಅಜ್ಜಿ ಫೋನ್ ಮಾಡಿದರೆ ಅದು ಬೇರೆ ಕರೆ. ಮೊದಲ ಕರೆ ನಮ್ಮನ್ನು ಬಳಸಿಕೊಳ್ಳುತ್ತದೆ. ಎರಡನೆಯದಕ್ಕೆ ನಮ್ಮ ಅಗತ್ಯವಿದೆ. ಈ ಎರಡನ್ನು ಬೇರೆ ಮಾಡಿ ನೋಡುವುದೇ ಪ್ರಜ್ಞೆ, ಎರಡನೆಯದಕ್ಕೆ ಬಾಗಿಲು ತೆರೆದಿಡುವುದೇ ಕರುಣೆ.

ಸಂತೋಷದ ಸಂಗತಿ ಎಂದರೆ ಫೋನಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಸ್ವಿಚ್ ಇದೆ. ಡೇಟಾ ಆಫ್ ಮಾಡಿದರೂ ಕರೆ ಬರುತ್ತದೆ, ಎಸ್‌ಎಂಎಸ್ ಬರುತ್ತದೆ. ಸರ್ಕಾರ ಟವರುಗಳ ಮೂಲಕ ಕಳಿಸುವ, ದೊಡ್ಡ ಸದ್ದಿನ ಎಚ್ಚರಿಕೆ ಸಂದೇಶಕ್ಕೂ ಡೇಟಾ ಬೇಡ. ಏರೋಪ್ಲೇನ್ ಮೋಡಿನಲ್ಲಿ ಇವು ಯಾವುದೂ ಬರುವುದಿಲ್ಲ. ಆದ್ದರಿಂದ ಸಿಗ್ನಲ್ ಇರುವ ಕಡೆ ಡೇಟಾ, ವೈಫೈ, ಬ್ಲೂಟೂತ್ ಆಫ್ ಮಾಡಿ, ಪರದೆಯ ಬೆಳಕು ತಗ್ಗಿಸಿ, ಕರೆಯನ್ನು ಉಳಿಸಿಕೊಳ್ಳೋಣ. ಸಿಗ್ನಲ್ಲೇ ಇಲ್ಲದ ಕಡೆ ಏರೋಪ್ಲೇನ್ ಮೋಡ್ ಸರಿ. ಆದರೆ ಹೋಗುವ ಮೊದಲು ಮನೆಯವರಿಗೆ ಹೇಳಿ: ಗಂಟೆಗೊಮ್ಮೆ ಐದು ನಿಮಿಷ ಆನ್ ಮಾಡುತ್ತೇನೆ, ಆಗ ಪ್ರಯತ್ನಿಸಿ. ಹೇಳಿ ಆಫ್ ಮಾಡಿದವರು ಕಾಯುವವರ ಅರ್ಧ ಭಯ ಇಳಿಸಿದಂತೆ. 112ಕ್ಕೆ ಕರೆ ಮಾಡುವಾಗ ನಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಮೂಲಕ ಕರೆ ಹೋಗಬಹುದು ಎಂಬುದೂ ನೆನಪಿರಲಿ.

ಕೊನೆಯದಾಗಿ ಕಳಿಸುವವರ ಶೀಲ. ಒಂದು ಸಂದೇಶ ಬಂದಾಗ ಫೋನಿನ ರೇಡಿಯೋ ಎಚ್ಚರಗೊಂಡು, ಕೆಲಸ ಮುಗಿದ ಮೇಲೂ ಕೆಲವು ಸೆಕೆಂಡು ಎದ್ದೇ ಇರುತ್ತದೆ. ಗ್ರೂಪಿಗೆ ನಾವು ಕಳಿಸುವ ಪ್ರತಿ ಶುಭೋದಯದ ಚಿತ್ರ, ಪ್ರತಿ ವಿಡಿಯೋ, ಅಲ್ಲಿರುವ ಪ್ರತಿಯೊಬ್ಬರ ಬ್ಯಾಟರಿಯಿಂದ ಒಂದು ಚೂರು ತೆಗೆದುಕೊಳ್ಳುತ್ತದೆ. ಈ ಚಿಂತನೆಯೂ ಅಷ್ಟೇ. ಕರೆಂಟು ಇದ್ದ ದಿನ ಅದು ಲೆಕ್ಕಕ್ಕಿಲ್ಲ. ರೆಡ್ ಅಲರ್ಟಿನ ದಿನ ಗುಡ್ಡದ ಬುಡದಲ್ಲಿ ಕುಳಿತವರಿಗೆ ಲೆಕ್ಕಕ್ಕಿದೆ. ಕೊಡದಿದ್ದುದನ್ನು ತೆಗೆದುಕೊಳ್ಳುವುದಿಲ್ಲ ಎಂಬ ಎರಡನೆಯ ಶೀಲವನ್ನು ನಾವು ಹಣಕ್ಕೆ, ವಸ್ತುವಿಗೆ ಮಾತ್ರ ಅನ್ವಯಿಸುತ್ತೇವೆ. ಇನ್ನೊಬ್ಬರ ಕೊನೆಯ ಐದು ಪರ್ಸೆಂಟಿಗೂ ಅದು ಅನ್ವಯಿಸುತ್ತದೆ. ಆದ್ದರಿಂದ ಅಂಥ ದಿನಗಳಲ್ಲಿ ನಮ್ಮ ಗ್ರೂಪಿನಲ್ಲಿ ಮೂರೇ ಬಗೆಯ ಸಂದೇಶ ಇರಲಿ: ಸಹಾಯ ಬೇಕು, ಸಹಾಯ ಇದೆ, ನಾವು ಕ್ಷೇಮ. ಪವರ್ ಬ್ಯಾಂಕ್ ಇದ್ದವರು ಪಕ್ಕದ ಮನೆಯವರನ್ನು ಒಮ್ಮೆ ಕೇಳಲಿ.

ಮೊದಲು ಕೇಳಿದ ಪ್ರಶ್ನೆಗಳಿಗೆ ಉತ್ತರ ಹೀಗೆ ಬರುತ್ತದೆ. ಸಿಗದೆ ಇರುವ ಹಕ್ಕು ನಮಗಿದೆ, ಅದನ್ನು ಯಾರೂ ಕಿತ್ತುಕೊಳ್ಳದಂತೆ ನೋಡಿಕೊಳ್ಳಬೇಕು. ಕಷ್ಟದಲ್ಲಿದ್ದವರಿಗೆ ಸಿಗುವ ಬಾಕಿಯೂ ನಮ್ಮ ಮೇಲಿದೆ. ಉಳಿಸಿದ ಚಾರ್ಜು ಆ ಬಾಕಿ ತೀರಿಸಲು ಇಟ್ಟ ಹಣದಂತೆ. ಇಂದು ಬಿಡುವಾದಾಗ ಮನೆಯ ಹಿರಿಯರ ಫೋನು ಹಿಡಿದು ಯಾವ ಸ್ವಿಚ್ ಏನು ಮಾಡುತ್ತದೆ ಎಂದು ಒಮ್ಮೆ ತೋರಿಸಿಕೊಡಿ. ಸ್ವಿಚ್ ಕೈಯಲ್ಲಿದ್ದರೂ ಅದು ಗೊತ್ತಿಲ್ಲದವರ ಪಾಲಿಗೆ ಅದು ಇನ್ನೂ ಬೇರೆಯವರ ಕೈಯಲ್ಲೇ ಇದೆ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.