ಮೂಕವಾದ ಹಾರ್ನು

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯಲ್ಲಿ ನಮ್ಮ ಹಳೆಯ ಅಂಬಾಸಿಡರ್ ಕಾರಿನ ಹಾರ್ನು ಮೂಕವಾಯಿತು. ನಿಧಾನವಾಗಿ ನಡೆಸಿದರಾಯಿತೆಂದು ಹದಿನೈದು ದಿನ ಹಾಗೆಯೇ ಓಡಾಡಿದೆವು. ನಮ್ಮ ಜಾಗರೂಕತೆಯ ಬಗೆಗೆ ಒಳಗೊಳಗೇ ಹೆಮ್ಮೆಯೂ ಇತ್ತೆನ್ನಬೇಕು. ಒಂದು ಸಂಜೆ ತಿರುವಿನಲ್ಲಿ, ಎತ್ತು ಹೊಡೆದುಕೊಂಡು ಮುಂದೆ ನಡೆದಿದ್ದ ಮುದುಕರೊಬ್ಬರ ಬೆನ್ನಿಗೆ ಮೊಳದಂತರದಲ್ಲಿ ಕಾರು ನಿಂತಿತು. ಅವರು ಬೈಯಲಿಲ್ಲ. "ಒಂದ್ ಸಪ್ಪಳಾ ಮಾಡಬಾರದೇನ್ರಿ?" ಎಂದರು, ಅಷ್ಟೆ.

ನಾವು ಎಚ್ಚರದಿಂದಿದ್ದರೆ ಸಾಲದೆ? ಬ್ರೇಕೂ ಪರರನ್ನು ಕಾಯುತ್ತದೆ, ನಿಜ; ಆದರೆ ಅಲ್ಲಿ ಅವರ ಜೀವ ನಮ್ಮ ಕಾಲಡಿಯಲ್ಲಿರುತ್ತದೆ. ಹಾರ್ನಾದರೋ, ತಮ್ಮ ರಕ್ಷಣೆಯಲ್ಲಿ ತಾವೂ ಕೈಜೋಡಿಸುವ ಅವಕಾಶವನ್ನು ಅವರಿಗೆ ಕೊಡುತ್ತದೆ. ಅದನ್ನು ನಾವು ಕಸಿದುಕೊಂಡಿದ್ದೆವು.

ಮರುದಿನ ಬ್ಯಾಟರಿಯ ತಂತಿ ಕಳಚಿ ಹಾರ್ನಿನ ಗುಂಡಿ ಬಿಚ್ಚಿದೆವು. ಒತ್ತಿದಾಗ ತಂತಿಯನ್ನು ಕಾರಿನ ಮೈಗೆ ಮುಟ್ಟಿಸಿ ವಿದ್ಯುತ್ತಿನ ಸುತ್ತನ್ನು ಪೂರ್ಣಗೊಳಿಸಬೇಕಾದ ಹಿತ್ತಾಳೆಯ ತುಣುಕು ಸವೆದು ಮುರಿದಿತ್ತು. 2014ರಲ್ಲಿಯೇ ತಯಾರಿಕೆ ನಿಂತ ಕಾರು. ಬಿಡಿಭಾಗ ದೊರೆಯದೆ, ತಗಡು ಕತ್ತರಿಸಿ ಬೆಸೆದೆವು. ಅದು ತುಸು ಎತ್ತರವಾಗಿ, ಒತ್ತದೆಯೇ ಮುಟ್ಟಿ, ಹಾರ್ನು ಎಡೆಬಿಡದೆ ಅರಚಿತು. ಓಣಿಯವರು ಕಿವಿ ಮುಚ್ಚಿಕೊಂಡು ಒಳಗೆ ಹೋದರು. ಅದನ್ನು ಎಚ್ಚರಿಕೆಯೆಂದು ಯಾರೂ ಎಣಿಸಲಿಲ್ಲ. ಅರದಿಂದ ಕೂದಲೆಳೆಯಷ್ಟು ತಿಕ್ಕಿದ ಮೇಲೆ ಸರಿಹೋಯಿತು.

ಆ ತಿರುವಿನಲ್ಲಿ ಈಗ ಒಂದೇ ಸಲ ಒತ್ತುತ್ತೇವೆ. ಮುದುಕರು ಮತ್ತೆ ಕಂಡಿಲ್ಲ.