ಆಯ್ತಾ? ಆಯ್ತು

ಗೆಳೆಯ ತಾನೇ ಜೋಡಿಸಿದ ಗಿಂಬಲ್ ತಂದು ನನ್ನ ಮೇಜಿನ ಮೇಲಿಟ್ಟ. ಕ್ಯಾಮೆರಾವನ್ನು ಅಲುಗದಂತೆ ಹಿಡಿಯಬೇಕಾದ ಯಂತ್ರಕ್ಕೇ ನಡುಕ. "ಮೋಟರ್ ಹೋಗಿದೆ ಗುರು" ಅಂದ. ಭಾನುವಾರ ಅವನಿಗೆ ಒಂದು ಮದುವೆಯ ಶೂಟಿಂಗ್ ಇತ್ತು.

ನಡುಗೋದು ಮೋಟರ್, ಹಾಗಾಗಿ ತಪ್ಪೂ ಅದರದ್ದೇ ಅಂತ ನಮ್ಮ ತೀರ್ಪು. ಪಾಪ, ಅದು ಹೇಳಿದಷ್ಟು ಮಾಡುತ್ತೆ. ಕ್ಯಾಮೆರಾ ಎತ್ತ ವಾಲಿದೆ ಅಂತ ಹೇಳೋದು ಅದರ ಜೊತೆಗಿರುವ ಪುಟ್ಟ ಸೆನ್ಸರ್. ಇಂಥ ಗಿಂಬಲ್‌ಗಳಲ್ಲಿ ಆ ಮಾತು ಕಂಟ್ರೋಲರ್ ತಲುಪೋದು ಹೆಚ್ಚಾಗಿ ಐ ಸ್ಕ್ವೇರ್ಡ್ ಸಿ ಅನ್ನೋ ವ್ಯವಸ್ಥೆಯಲ್ಲಿ, ನಾಲ್ಕು ಸಣ್ಣ ತಂತಿಗಳ ಮೂಲಕ. 1980ರ ದಶಕದಲ್ಲಿ ಫಿಲಿಪ್ಸ್ ಅದನ್ನು ರೂಪಿಸಿದ್ದು ಒಂದೇ ಬೋರ್ಡಿನ ಚಿಪ್‌ಗಳು ಮಾತಾಡಿಕೊಳ್ಳಲಿ ಅಂತ. ನಾವೋ, ಆ ತಂತಿಗಳನ್ನು ತಿರುಗುವ ಕೀಲು ದಾಟಿಸಿ, ಮೋಟರ್ ತಂತಿಗಳ ಪಕ್ಕದಲ್ಲೇ ಎಳೀತೀವಿ.

ಕನೆಕ್ಟರ್ ಬಿಚ್ಚಿ ಮತ್ತೆ ಒತ್ತಿದೆ. ನಡುಕ ನಿಂತಿತು.

"ಆಯ್ತಾ?"

"ಆಯ್ತು."

ರಾತ್ರಿ ಆ ಪದ ಕೊರೆಯೋಕೆ ಶುರುವಾಯ್ತು. ನನಗೆ ಗೊತ್ತಿದ್ದದ್ದು, ಈಗ ನಡುಗ್ತಿಲ್ಲ ಅನ್ನೋದಷ್ಟೇ. ಯಾಕೆ ನಡುಗ್ತಿತ್ತು, ಯಾಕೆ ನಿಂತಿತು, ಎರಡೂ ಗೊತ್ತಿರಲಿಲ್ಲ. ಹಾಗಾದ್ರೆ ಸುಳ್ಳು ಹೇಳಿದೆನಾ? ಪದ ಹಿಡಿದು ನೋಡಿದ್ರೆ ಇಲ್ಲ. ಆದ್ರೆ ಅವನು ಅದನ್ನು "ಕಾರಣ ಸಿಕ್ತು" ಅಂತ ಕೇಳಿಸಿಕೊಂಡ. ಹಾಗೇ ಕೇಳಿಸಿಕೊಳ್ಳಲಿ ಅಂತ ನಾನೂ ಸುಮ್ಮನಿದ್ದೆ. ಜಾಣ ಅನ್ನಿಸಿಕೊಳ್ಳೋ ಆಸೆ, ಇನ್ನೇನು. ಆಫೀಸಲ್ಲಿ ಸರ್ವರ್ ರೀಸ್ಟಾರ್ಟ್ ಮಾಡಿ ಟಿಕೆಟ್ ಕ್ಲೋಸ್ ಮಾಡುವಾಗಲೂ ನಾವು ಮಾಡೋದು ಇದೇ. ಅಲ್ಲಿ ಇನ್ನೊಂದು ಟಿಕೆಟ್ ತೆರೆಯಬಹುದು. ಮಾಂಗಲ್ಯಧಾರಣೆಗೆ ರೀಟೇಕ್ ಎಲ್ಲಿಂದ ತರೋದು? ಮೋಸ ಹೋಗೋರು ನನ್ನ ಮುಖವನ್ನೇ ನೋಡಿರದ ಮದುಮಕ್ಕಳು.

ಬೆಳಗ್ಗೆ ಫೋನ್ ಮಾಡಿದೆ. "ಕಾರಣ ಸಿಕ್ಕಿಲ್ಲ ಕಣೋ, ವಾಪಸ್ ತಗೊಂಡು ಬಾ."

"ನಿನ್ನೆ ಆಯ್ತು ಅಂದ್ಯಲ್ಲೋ!" ಸಿಟ್ಟು ನ್ಯಾಯವಾದದ್ದೇ.

ಬ್ಯಾಟರಿ ತೆಗೆದು, ಸೆನ್ಸರ್ ತಂತಿಗಳ ಎರಡೂ ತುದಿಗೆ ಮಲ್ಟಿಮೀಟರ್ ಹಿಡಿದೆ. ನಾಲ್ಕರಲ್ಲೂ ಬೀಪ್ ಬಂತು. ಇಲ್ಲಿಗೇ ನಿಲ್ಲಿಸಿದ್ರೆ ಮತ್ತೆ "ಆಯ್ತು" ಅಂತಿದ್ದೆ. ಮೀಟರ್ ಹಿಡಿದುಕೊಂಡೇ ತೋಳನ್ನು ನಿಧಾನಕ್ಕೆ ತಿರುಗಿಸುತ್ತಾ ಒಂದೊಂದೇ ತಂತಿ ನೋಡಿದೆ. ಮೂರನೆಯದರಲ್ಲಿ, ಒಂದು ಕೋನಕ್ಕೆ ಬಂದಾಗ ಬೀಪ್ ಕಡಿದುಹೋಯ್ತು. ಹಿಂದಕ್ಕೆ ತಿರುಗಿಸಿದೆ, ಮತ್ತೆ ಬಂತು. ಮೇಲಿನ ಪ್ಲಾಸ್ಟಿಕ್ ಗಟ್ಟಿಯಾಗೇ ಇತ್ತು, ಮಡಚಿ ಮಡಚಿ ಒಳಗಿನ ತಾಮ್ರ ಮುರಿದಿತ್ತು.

ಮೆತ್ತನೆಯ ಸಿಲಿಕೋನ್ ತಂತಿ ಹಾಕಿ, ಕೀಲಿನ ಹತ್ತಿರ ಸ್ವಲ್ಪ ಸಡಿಲ ಬಿಟ್ಟು, ಮೋಟರ್ ತಂತಿಗಳಿಂದ ದೂರಕ್ಕೆ ಸರಿಸಿ ಕಟ್ಟಿದೆ.

"ಈಗಾದ್ರೂ ಆಯ್ತಾ?"

"ಈ ತಂತಿದು ಆಯ್ತು. ಶನಿವಾರ ಪೂರ್ತಿ ಓಡಿಸಿ ನೋಡು. ಟ್ರೈಪಾಡ್ ಜೊತೆಗಿರಲಿ."